ಚಿತ್ರದ ಮೂಲೆಯಲ್ಲಿದ್ದ ಹೆಸರು

ಕಳೆದ ಕ್ರಿಸ್ಮಸ್‌ಗೆ ಮುಂಚೆ ನನ್ನಿಂದ ಒಂದು ತಪ್ಪಾಯಿತು. ಯಾರಿಗೂ ಹೇಳದೆ ಸುಮ್ಮನಿರಬಹುದಿತ್ತು. ಆದರೆ ಅದೇ ತಪ್ಪನ್ನು ನಮ್ಮಲ್ಲಿ ಹಲವರು ತಪ್ಪೆಂದು ತಿಳಿಯದೆಯೇ ಮಾಡುತ್ತಿರುತ್ತೇವೆ. ಆದ್ದರಿಂದ ಅದನ್ನು ಈ ಪುಟಗಳಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಗಮನ ಕಾಲದ ಎರಡನೆಯ ವಾರ. ಕ್ರಿಸ್ಮಸ್ ರಾತ್ರಿಯ ಪೂಜೆ, ಗೋದಲಿ ಸ್ಪರ್ಧೆ, ವಾಳೆಗಳ ಕ್ಯಾರಲ್ ಗಾಯನ, ಇವೆಲ್ಲವನ್ನೂ ಸೇರಿಸಿ ಆಮಂತ್ರಣ ಪತ್ರ ಅಚ್ಚು ಹಾಕಿಸಬೇಕಿತ್ತು. "ಮುಖಪುಟಕ್ಕೆ ಒಂದು ಒಳ್ಳೆಯ ಚಿತ್ರ ಕಳಿಸಿ ಫಾದರ್" ಎಂದರು ಪ್ರೆಸ್ಸಿನವರು. ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಹುಡುಕಿದೆ. ಹತ್ತು ನಿಮಿಷದಲ್ಲಿ ಸಿಕ್ಕಿತು. ಹುಲ್ಲಿನ ಮೇಲೆ ಕುಳಿತ ಮರಿಯಮ್ಮ, ಮಡಿಲಲ್ಲಿ ಬಾಲಯೇಸು. ಮಗುವಿನ ಮುಷ್ಟಿಯಲ್ಲಿ ತಾಯಿಯ ಮುಸುಕಿನ ತುದಿ. ಕೆಳಗೆ ಬಲ ಮೂಲೆಯಲ್ಲಿ ಏನೋ ಸಣ್ಣ ಅಕ್ಷರಗಳಿದ್ದವು. ಪೂಜೆಯ ಸಮಯ ಬರೆಯಲು ಜಾಗ ಬೇಕಿತ್ತಲ್ಲ, ಕೆಳಗಿನ ಒಂದು ಪಟ್ಟಿಯನ್ನು ಕತ್ತರಿಸಿ ಪ್ರೆಸ್ಸಿಗೆ ಕಳಿಸಿಬಿಟ್ಟೆ. ನಾನೂರು ಪ್ರತಿ ಅಚ್ಚಾಗಿ ಬಂತು. ನೋಡಿದವರೆಲ್ಲ ಚೆನ್ನಾಗಿದೆ ಎಂದರು.

ಮುಂದಿನ ಆದಿತ್ಯವಾರ ಪೂಜೆ ಮುಗಿಸಿ ಸಾಕ್ರಿಸ್ತಿಯಲ್ಲಿ ಪೂಜಾವಸ್ತ್ರ ತೆಗೆದಿಡುತ್ತಿದ್ದಾಗ ಧರ್ಮೋಪದೇಶ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಒಂಬತ್ತನೆಯ ತರಗತಿ, ಮಾತು ಕಡಿಮೆ. ಕೈಯಲ್ಲಿ ಆಮಂತ್ರಣ ಪತ್ರ.

"ಫಾದರ್, ಈ ಚಿತ್ರ ಬಿಡಿಸಿದ್ದು ಯಾರು?"

"ಇಂಟರ್ನೆಟ್‌ನಿಂದ ತೆಗೆದದ್ದು ಮಗಳೇ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇಂಟರ್ನೆಟ್ ಚಿತ್ರ ಬಿಡಿಸುವುದಿಲ್ಲವಲ್ಲ ಫಾದರ್" ಎಂದಳು. ಮತ್ತೆ ಮೆಲ್ಲಗೆ, "ಇಲ್ಲಿ ಮೂಲೆಯಲ್ಲಿ ಹೆಸರಿತ್ತು. ನಾನು ನೋಡಿದ್ದೇನೆ."

ಇಪ್ಪತ್ತು ವರ್ಷಗಳಿಂದ ಏಳನೆಯ ಕಟ್ಟಳೆಯನ್ನು ಮಕ್ಕಳಿಗೆ ಕಲಿಸುತ್ತಾ ಬಂದ ನನಗೆ ಆ ದಿನ ಒಬ್ಬ ವಿದ್ಯಾರ್ಥಿನಿ ಅದನ್ನು ಕಲಿಸಿಕೊಟ್ಟಳು.

ಹವ್ಯಾಸಿಗಳ ಒಂದು ದೊಡ್ಡ ಊರು

ಆ ರಾತ್ರಿ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತೆ. ಹುಡುಗಿ ಹೇಳಿಕೊಟ್ಟ ದಾರಿಯಲ್ಲೇ ಹೋಗಿ ಆ ಚಿತ್ರದ ಮೂಲ ಪುಟವನ್ನು ತಲುಪಿದೆ. ಬಿಡಿಸಿದವರು ಫಿಲಿಪ್ಪೀನ್ಸ್ ದೇಶದ ಒಬ್ಬ ನರ್ಸ್. ಚಿತ್ರಕಲೆ ಅವರ ಹೊಟ್ಟೆಪಾಡಲ್ಲ. ರಾತ್ರಿ ಪಾಳಿ ಮುಗಿಸಿ ಬಂದು, ನಿದ್ದೆ ಹತ್ತುವ ಮೊದಲು ಒಂದೊಂದು ಗಂಟೆ ಬಿಡಿಸುವ ಹವ್ಯಾಸ. ಚಿತ್ರದ ಕೆಳಗೆ ಅವರು ಬರೆದಿದ್ದ ಮಾತಿನ ಸಾರ ಇಷ್ಟು: ಇಗರ್ಜಿಗಳು, ಧರ್ಮೋಪದೇಶ ತರಗತಿಗಳು ಈ ಚಿತ್ರವನ್ನು ಹಣ ಕೊಡದೆ ಬಳಸಬಹುದು, ನನ್ನ ಹೆಸರನ್ನು ಮಾತ್ರ ಅಳಿಸಬೇಡಿ.

ಅವರು ಕೇಳಿದ್ದು ಒಂದೇ ಒಂದು. ನಾನು ಕತ್ತರಿಸಿದ್ದು ಅದನ್ನೇ.

ಪ್ರಿಯ ಓದುಗರೇ, ಇಂಥವರು ಒಬ್ಬಿಬ್ಬರಲ್ಲ. ಬ್ಯಾಂಕಿನ ಗುಮಾಸ್ತರು, ಶಾಲಾ ಮಕ್ಕಳು, ನಿವೃತ್ತ ಶಿಕ್ಷಕಿಯರು, ಟ್ರಕ್ ಚಾಲಕರು ತಮ್ಮ ಬಿಡುವಿನಲ್ಲಿ ಬಿಡಿಸಿದ ಚಿತ್ರಗಳನ್ನು ಅಂತರಜಾಲದಲ್ಲಿ ಇತರರ ಮುಂದೆ ಇಡುವ ದೊಡ್ಡ ಲೋಕವೇ ಇದೆ. ಇದರಲ್ಲಿ ಹೆಸರಾದ ತಾಣ ಡೀವಿಯಂಟ್‌ಆರ್ಟ್. 2000ನೇ ಇಸವಿ ಆಗಸ್ಟ್ 7ರಂದು ಅಮೆರಿಕದಲ್ಲಿ ಏಂಜೆಲೊ ಸೊಟಿರಾ, ಸ್ಕಾಟ್ ಜಾರ್ಕಾಫ್, ಮ್ಯಾಥ್ಯೂ ಸ್ಟೀಫನ್ಸ್ ಎಂಬ ಯುವಕರು ಅದನ್ನು ಆರಂಭಿಸಿದರು. ಆಗಿನ ಕಾಲದಲ್ಲಿ ಕಂಪ್ಯೂಟರಿನಲ್ಲಿ ಹಾಡು ಕೇಳಲು ವಿನ್‌ಆಂಪ್ ಎಂಬ ತಂತ್ರಾಂಶ ಎಲ್ಲರಿಗೂ ಬೇಕಾಗಿತ್ತು. ಅದರ ಹೊರಚಹರೆಯನ್ನು ತಮ್ಮಿಷ್ಟದಂತೆ ಬದಲಿಸಿ, ಆ ವಿನ್ಯಾಸವನ್ನು ಗೆಳೆಯರಿಗೆ ಹಂಚುವುದು ಹುಡುಗರ ಹುಚ್ಚಾಗಿತ್ತು. ಕಂಪೆನಿಯವರು ಹಾಕಿಕೊಟ್ಟ ದಾರಿಯನ್ನು ಬಿಟ್ಟು ನಡೆಯುವುದು ಎಂಬ ಅರ್ಥದಲ್ಲೇ ಆ ಹೆಸರು ಹುಟ್ಟಿತು. ಇವತ್ತಿಗೂ ಅಲ್ಲಿ ಸಲ್ಲಿಸುವ ಪ್ರತಿಯೊಂದು ಕೃತಿಗೂ 'ಡೀವಿಯೇಷನ್' ಎಂದೇ ಹೆಸರು.

ಹೀಗೆ ಆಟದಂತೆ ಶುರುವಾದದ್ದು ಬರಬರುತ್ತಾ ಚಿತ್ರ, ಛಾಯಾಚಿತ್ರ, ಕಾಮಿಕ್ಸ್, ಕವಿತೆಗಳ ಸಂತೆಯಾಯಿತು. 2017ರಲ್ಲಿ ವಿಕ್ಸ್ ಎಂಬ ಕಂಪೆನಿ ಅದನ್ನು 3.6 ಕೋಟಿ ಡಾಲರಿಗೆ ಕೊಂಡುಕೊಂಡಾಗ ಅಲ್ಲಿ ಕೋಟ್ಯಂತರ ಸದಸ್ಯರೂ 25 ಕೋಟಿಗೂ ಮಿಕ್ಕಿದ ಕೃತಿಗಳೂ ಇದ್ದವು.

ಅಲ್ಲಿನ ಪದ್ಧತಿ ಸರಳ. ಚಿತ್ರ ಬಿಡಿಸಿದವರು ಅದನ್ನು ಸಲ್ಲಿಸುತ್ತಾರೆ, ತಲೆಬರಹ ಕೊಡುತ್ತಾರೆ, ಹೇಗೆ ಬಿಡಿಸಿದೆನೆಂದು ನಾಲ್ಕು ಸಾಲು ಬರೆಯುತ್ತಾರೆ, ಇತರರು ಬಳಸಬಹುದೋ ಬಾರದೋ ಎಂಬುದನ್ನು ಗುರುತು ಮಾಡುತ್ತಾರೆ. ನೋಡಿದವರು ಮೆಚ್ಚುಗೆ ಹೇಳುತ್ತಾರೆ. ತಿಳಿದವರಾದರೆ 'ಈ ಕೈಯ ಅಳತೆ ಸರಿಯಿಲ್ಲ', 'ನೆರಳು ಆ ಬದಿಗೆ ಬೀಳಬೇಕಿತ್ತು' ಎಂದು ತಿದ್ದಿಕೊಡುತ್ತಾರೆ. ಪ್ರತಿದಿನ ಕೆಲವು ಕೃತಿಗಳನ್ನು ಆರಿಸಿ ಎಲ್ಲರಿಗೂ ಕಾಣುವಂತೆ ಮುಂದಿಡುತ್ತಾರೆ. ಗುರುಕುಲವಿಲ್ಲ, ಶುಲ್ಕವಿಲ್ಲ. ಚಿತ್ರಕಲಾ ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಜನ ಇಂಥ ಕಡೆ ಒಬ್ಬರಿಂದೊಬ್ಬರು ಕಲಿತು ಮೇಲೆ ಬಂದಿದ್ದಾರೆ.

'ಕಂಪ್ಯೂಟರೇ ಬಿಡಿಸುತ್ತದಲ್ಲ?'

ನಮ್ಮ ಹುಡುಗಿಯ ತಾಯಿಗೂ ಇದೇ ಸಂಶಯವಿತ್ತು. ಅವರು ಮನೆಯಲ್ಲಿ ಹೊಲಿಗೆ ಮಾಡುತ್ತಾರೆ, ತಂದೆ ಗಲ್ಫಿನಲ್ಲಿ. "ಯಾವಾಗ ನೋಡಿದರೂ ನನ್ನ ಮೊಬೈಲಿನಲ್ಲಿ ಏನೋ ಗೀಚುತ್ತಿರುತ್ತಾಳೆ ಫಾದರ್, ನೀವೇ ಒಮ್ಮೆ ಬುದ್ಧಿ ಹೇಳಿ" ಎಂದು ನನ್ನ ಬಳಿ ದೂರಿದ್ದೂ ಉಂಟು. ಬುದ್ಧಿ ಹೇಳುವ ಮೊದಲು ಏನು ಗೀಚುತ್ತಾಳೆಂದು ನೋಡೋಣ ಎಂದು ಒಂದು ಸಂಜೆ ಅವರ ಮನೆಗೆ ಹೋದೆ.

ಗಾಜು ಬಿರುಕುಬಿಟ್ಟ ಮೊಬೈಲು. ಪೆನ್ನಿಲ್ಲ, ಬೆರಳಿನಲ್ಲೇ ಬಿಡಿಸುತ್ತಾಳೆ. ಪರದೆಯ ಮೇಲೆ ಬೇಳದ ಶೋಕಮಾತಾ ಇಗರ್ಜಿ. ನಮ್ಮ ಕಾಸರಗೋಡು ಸೀಮೆಯವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. 1890ರಲ್ಲಿ ಸ್ಥಾಪನೆಯಾದ, ಗಾಥಿಕ್ ಶೈಲಿಯ ಮೊನಚು ಕಮಾನುಗಳ ಹಳೆಯ ದೇವಾಲಯ. ಆಕೆಯ ತಂದೆತಾಯಿಯ ಮದುವೆ ಆದದ್ದು ಅಲ್ಲೇ.

ಅವಳು ತೋರಿಸಿಕೊಟ್ಟಳು. ಚಿತ್ರ ಒಂದೇ ಹಾಳೆಯಲ್ಲಿಲ್ಲ. ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳಂತೆ ಹನ್ನೊಂದು ಪದರಗಳಿವೆ. ಅಡಿಯಲ್ಲಿ ಆಕಾಶ, ಅದರ ಮೇಲೆ ತೆಂಗಿನ ಮರಗಳು, ಅದರ ಮೇಲೆ ಗೋಡೆ, ಮತ್ತೆ ಕಿಟಕಿ, ಎಲ್ಲದರ ಮೇಲೆ ಮಳೆಗಾಲದ ಮಬ್ಬು. ಒಂದು ಪದರವನ್ನು ತಿದ್ದಿದರೆ ಉಳಿದವು ಕೆಡುವುದಿಲ್ಲ. ಅಳಿಸುವುದು ಸುಲಭ, ನಿಜ. ಆದರೆ ಗೆರೆ ಎಲ್ಲಿ ಬಾಗಬೇಕು, ಬೆಳಕು ಎಲ್ಲಿಂದ ಬರಬೇಕು ಎಂಬುದನ್ನು ಯಂತ್ರ ಹೇಳಿಕೊಡುವುದಿಲ್ಲ. ಅದನ್ನು ಕಣ್ಣು ಕಲಿಯಬೇಕು, ಕೈ ಕಲಿಯಬೇಕು. ಮೇಲಿನ ಗೋಪುರದ ತುದಿಯೊಂದನ್ನೇ ಅವಳು ಮೂರು ಸಂಜೆ ತಿದ್ದಿದ್ದಳು.

ಮನೆಯಲ್ಲಿ ಕಂಪ್ಯೂಟರ್ ಇದ್ದವರು ದುಬಾರಿ ತಂತ್ರಾಂಶ ಕೊಳ್ಳಬೇಕೆಂದೇನೂ ಇಲ್ಲ. ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಸಂಪೂರ್ಣ ಉಚಿತ. ಸ್ವೀಡಿಷ್ ಭಾಷೆಯಲ್ಲಿ ಆ ಪದಕ್ಕೆ ಸೀಮೆಸುಣ್ಣ ಅಥವಾ ಬಣ್ಣದ ಕಡ್ಡಿ ಎಂದು ಅರ್ಥ. ಹೆಸರಿಡುವಾಗ ನಮ್ಮ ಮಹಾಭಾರತದಲ್ಲಿ ಬರುವ 'ಕೃತ' ಎಂಬ ಪದವೂ ಅದನ್ನು ಕಟ್ಟಿದವರ ಮನಸ್ಸಿನಲ್ಲಿತ್ತಂತೆ. ಫ್ರಾನ್ಸಿನ ಡೇವಿಡ್ ರೆವೊಯ್ ಎಂಬ ಚಿತ್ರಕಾರರು 2014ರಿಂದ ಅದರಲ್ಲೇ ಒಂದು ಮಕ್ಕಳ ಚಿತ್ರಕಥಾಮಾಲೆಯನ್ನು ಬಿಡಿಸಿ, ಯಾರು ಬೇಕಾದರೂ ಬಳಸಬಹುದು ಎಂದು ಉಚಿತವಾಗಿ ಹಂಚುತ್ತಾ ಬಂದಿದ್ದಾರೆ. ಸ್ವಯಂಸೇವಕರು ಅದನ್ನು ಹಲವು ಭಾಷೆಗಳಿಗೆ ಅನುವಾದ ಮಾಡಿದ್ದಾರೆ. ಅವರು ಇಟ್ಟಿರುವ ಷರತ್ತು ಏನು ಗೊತ್ತೇ? ಹೆಸರು ಹೇಳಬೇಕು, ಅಷ್ಟೇ. ಆ ನರ್ಸ್ ಕೇಳಿದ್ದೂ ಅದನ್ನೇ.

ಬೇಳದ ಚಿತ್ರವನ್ನು ಹುಡುಗಿ ಮೊದಲು ಕಳಿಸಿದ್ದು ಯಾರಿಗೆಂದು ಕೇಳಿದೆ. "ಅಪ್ಪನಿಗೆ" ಎಂದಳು. ಎರಡು ವರ್ಷಗಳಿಂದ ಊರಿಗೆ ಬಾರದ ಆ ತಂದೆ ಅದನ್ನು ತನ್ನ ಫೋನಿನ ಮುಖದಲ್ಲೇ ಇಟ್ಟುಕೊಂಡಿದ್ದಾರಂತೆ. ಕೋಣೆಯ ಜೊತೆಗಾರರು ಕೇಳಿದಾಗ 'ನನ್ನ ಮಗಳು ಬಿಡಿಸಿದ್ದು' ಎಂದು ಹೇಳಿದರಂತೆ. ಅದನ್ನು ಹೇಳುವಾಗ ಆ ಮಾತುಕಡಿಮೆಯ ಹುಡುಗಿಯ ಮುಖ ನೋಡಬೇಕಿತ್ತು. ತಾಯಿ ಹೊಲಿಗೆ ಯಂತ್ರದ ಬಳಿಯಿಂದ ಎದ್ದು ಬಂದು ಮೊದಲ ಬಾರಿಗೆ ಆ ಚಿತ್ರವನ್ನು ಸರಿಯಾಗಿ ನೋಡಿದರು. ನಾನು ಬುದ್ಧಿಮಾತು ಹೇಳದೆಯೇ ಕಾಫಿ ಕುಡಿದು ಬಂದೆ.

ದೇವರು ಹೆಸರು ಹಿಡಿದು ಕರೆದ ಕಲಾವಿದ

ಹೆಸರಿಗೆ ಇಷ್ಟೇಕೆ ಮಹತ್ವ ಎಂದು ಕೆಲವರು ಕೇಳಬಹುದು. ದೇವರ ಮಹಿಮೆಗಾಗಿ ಬಿಡಿಸಿದ ಚಿತ್ರದಲ್ಲಿ ಬಿಡಿಸಿದವರ ಹೆಸರು ಯಾಕೆ? ಹಿಂದಿನ ಕಾಲದ ದೇವಾಲಯಗಳನ್ನು ಕಟ್ಟಿದ ಎಷ್ಟು ಶಿಲ್ಪಿಗಳ ಹೆಸರು ನಮಗೆ ಗೊತ್ತು?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಪವಿತ್ರ ಗ್ರಂಥವನ್ನು ತೆರೆದು ನೋಡಿ. ವಿಮೋಚನಾಕಾಂಡದ 31ನೆಯ ಅಧ್ಯಾಯದಲ್ಲಿ ದೇವದರ್ಶನದ ಗುಡಾರವನ್ನು ಕಟ್ಟುವ ಕೆಲಸಕ್ಕೆ ದೇವರು ಒಬ್ಬ ಕುಶಲಕರ್ಮಿಯನ್ನು ಆರಿಸುತ್ತಾರೆ. ಆರಿಸುವುದು ಹೇಗೆ? ಹೆಸರು ಹಿಡಿದು. ಬೆಚಲೇಲ, ಊರಿಯ ಮಗ, ಹೂರನ ಮೊಮ್ಮಗ, ಯೂದ ಕುಲದವನು. ಜೊತೆಗಾರನಾದ ಒಹೊಲೀಯಾಬನ ಹೆಸರೂ ಅಲ್ಲಿದೆ. ಚಿನ್ನ, ಬೆಳ್ಳಿ, ತಾಮ್ರಗಳಲ್ಲಿ ಕೆಲಸ ಮಾಡುವ, ರತ್ನ ಕೆತ್ತುವ, ಮರ ಕೊರೆಯುವ ಜಾಣ್ಮೆಗಾಗಿ ದೇವರು ತಮ್ಮ ಆತ್ಮವನ್ನೇ ಅವನಲ್ಲಿ ತುಂಬಿದರೆಂದು ಓದುತ್ತೇವೆ. ದೇವರೇ ಹೇಳಿದ ಹೆಸರನ್ನು ಅಳಿಸುವಷ್ಟು ವಿನಯ ನಮಗೆ ಬೇಕಾಗಿಲ್ಲ!

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರವನ್ನು ನಮ್ಮವರಲ್ಲಿ ಹೆಚ್ಚಿನವರು ನೋಡಿರುತ್ತೀರಿ. ಅದರ ಗೋಡೆ, ಮಾಳಿಗೆಗಳನ್ನೆಲ್ಲ ತುಂಬಿದ ಚಿತ್ರಗಳನ್ನು 1899ರಲ್ಲಿ ಆರಂಭಿಸಿ ಸುಮಾರು ಎರಡೂವರೆ ವರ್ಷಗಳಲ್ಲಿ ಬಿಡಿಸಿದವರು ಇಟಲಿಯ ಬೆರ್ಗಮೊ ಬಳಿಯ ಊರಿನವರಾದ ಆಂಟೋನಿಯೊ ಮೊಸ್ಕೆನಿ ಎಂಬ ಯೇಸುಸಭೆಯ ಬ್ರದರ್. ಅವರು ಗುರುಗಳಲ್ಲ, ಪ್ರಸಂಗ ಮಾಡಿದವರಲ್ಲ. ನೂರ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೂ ಮಂದಿರ ತೋರಿಸುವವರು ಅವರ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ. ಅದು ಸರಿಯೇ ಅಲ್ಲವೇ?

ತನ್ನ ಹೆಸರನ್ನು ತಾನೇ ಬಿಟ್ಟುಕೊಡುವುದು ವಿನಯ. ಇನ್ನೊಬ್ಬರ ಹೆಸರನ್ನು ನಾವು ಅಳಿಸುವುದು ವಿನಯವಲ್ಲ. ಹಿಂದಿನ ಶಿಲ್ಪಿಗಳ ಹೆಸರು ಸಿಗದಿರುವುದು ನಮ್ಮ ನಷ್ಟ. ಅದನ್ನೇ ನೆಪ ಮಾಡಿಕೊಂಡು ಇಂದು ಸಿಗುವ ಹೆಸರನ್ನು ಕತ್ತರಿಸಬಾರದು.

1999ರ ಪಾಸ್ಖ ಹಬ್ಬದಂದು ಸಂತ ಎರಡನೆಯ ಜಾನ್ ಪೌಲರು ಕಲಾವಿದರಿಗೆಂದೇ ಒಂದು ಪತ್ರ ಬರೆದರು. ಎಲ್ಲರೂ ಕಲಾವಿದರಾಗಬೇಕಿಲ್ಲ, ಆದರೆ ತನ್ನ ಬದುಕನ್ನೇ ಒಂದು ಕಲಾಕೃತಿಯಾಗಿ ರೂಪಿಸುವ ಕರೆ ಎಲ್ಲರಿಗೂ ಇದೆ ಎಂಬುದು ಅದರ ಒಂದು ಮುಖ್ಯ ವಿಚಾರ. ಸೃಷ್ಟಿಕರ್ತರಾದ ದೇವರ ಸಂತೋಷದಲ್ಲಿ ಕಲಾವಿದನಿಗೆ ಒಂದು ಪಾಲಿದೆ ಎಂದು ಅವರು ಬಗೆದರು. ಆದಿಕಾಂಡದಲ್ಲಿ ದೇವರು ತಾವು ಮಾಡಿದ್ದನ್ನು ನೋಡಿ ಒಳ್ಳೆಯದೆಂದು ಕಂಡರಲ್ಲ, ಮೂರು ಸಂಜೆ ಗೋಪುರದ ತುದಿ ತಿದ್ದಿದ ಹುಡುಗಿ ನಾಲ್ಕನೆಯ ಸಂಜೆ ಪಟ್ಟ ಸಂತೋಷವೂ ಅದರ ಒಂದು ಹನಿಯೇ.

ಕಾನೂನು ಏನು ಹೇಳುತ್ತದೆ?

ಧರ್ಮದ ಮಾತು ಹಾಗಿರಲಿ, ನಾಡಿನ ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರವೊಂದು ಕಲಾಕೃತಿ ಎನಿಸಿಕೊಳ್ಳಲು ಅದರಲ್ಲಿ ಉತ್ತಮ ಕಲೆ ಇರಬೇಕೆಂದೇನೂ ಇಲ್ಲ. ಮಗುವಿನ ಸ್ವಂತ ಚಿತ್ರಕ್ಕೂ ಮಹಾನ್ ಕಲಾವಿದನ ಚಿತ್ರಕ್ಕೂ ಅಲ್ಲಿ ಒಂದೇ ರಕ್ಷಣೆ. ನೋಂದಣಿ ಕಡ್ಡಾಯವಲ್ಲ, ಬಿಡಿಸಿದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಸಾಮಾನ್ಯವಾಗಿ ಅದು ಕಲಾವಿದರ ಜೀವಮಾನವಿಡೀ ಇದ್ದು, ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ.

ಅದೇ ಕಾಯಿದೆಯ 57ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದಿದೆ. ಚಿತ್ರದ ಹಕ್ಕನ್ನು ಮಾರಿದ ಮೇಲೂ 'ಇದನ್ನು ಮಾಡಿದ್ದು ನಾನು' ಎಂದು ಹೇಳಿಕೊಳ್ಳುವ ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ. ಚಿತ್ರವನ್ನು ಕೊಳ್ಳಬಹುದು, ಅದರ ಹಿಂದಿನ ಕೈಯನ್ನು ಕೊಳ್ಳಲಾಗದು.

ಹಾಗೆಂದು ಹೆದರಬೇಕಾಗಿಲ್ಲ. ತಮ್ಮ ಕೃತಿಯನ್ನು ಇತರರು ಬಳಸಲಿ ಎಂದೇ ಅನೇಕರು ಮೊದಲೇ ಅನುಮತಿ ಬರೆದಿಟ್ಟಿರುತ್ತಾರೆ. ಇದಕ್ಕಾಗಿ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ 2002ರಿಂದ ಸರಳವಾದ ಪರವಾನಗಿಗಳನ್ನು ರೂಪಿಸಿಕೊಟ್ಟಿದೆ. ಹೆಸರು ಹೇಳಿದರೆ ಸಾಕು, ಹೆಸರು ಹೇಳಿ ಆದರೆ ವ್ಯಾಪಾರಕ್ಕೆ ಬಳಸಬೇಡಿ, ಹೆಸರು ಹೇಳಿ ಆದರೆ ಬದಲಾಯಿಸಬೇಡಿ, ಹೀಗೆ ಬಗೆಗಳಿವೆ. ಚಿತ್ರದ ಕೆಳಗೆ ಬರೆದದ್ದನ್ನು ಓದುವ ವ್ಯವಧಾನ ನಮಗಿರಬೇಕು. ನನಗೆ ಆ ರಾತ್ರಿ ಇರಲಿಲ್ಲ.

ಯಂತ್ರ ಬಿಡಿಸಿಕೊಡುವ ಚಿತ್ರ

ನನ್ನ ಈ ಪೇಚಾಟವನ್ನು ಚರ್ಚ್ ಪಾಲನಾ ಮಂಡಳಿಯ ಸಭೆಯಲ್ಲಿ ಹೇಳಿದಾಗ ಯುವಕನೊಬ್ಬ, "ಮುಂದಿನ ವರ್ಷ ಈ ತಾಪತ್ರಯವೇ ಬೇಡ ಫಾದರ್. ಎ.ಐ.ಗೆ ಹೇಳಿದರೆ ಒಂದು ನಿಮಿಷದಲ್ಲಿ ಬಿಡಿಸಿಕೊಡುತ್ತದೆ. ಅನುಮತಿಯೂ ಬೇಡ, ಹೆಸರೂ ಬೇಡ" ಎಂದ. ಕೆಲವರು ನಕ್ಕರು, ಕೆಲವರು ಹೌದೆಂದರು.

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಕೃತಕ ಬುದ್ಧಿಮತ್ತೆ ಚಿತ್ರ ಬಿಡಿಸಲು ಕಲಿತದ್ದು ಎಲ್ಲಿಂದ? ಅಂತರಜಾಲದಲ್ಲಿ ಮನುಷ್ಯರು ಹಂಚಿಕೊಂಡ ಕೋಟ್ಯಂತರ ಚಿತ್ರಗಳಿಂದ. ಅವರಲ್ಲಿ ಬಹುಮಂದಿಯನ್ನು ಯಾರೂ ಕೇಳಲಿಲ್ಲ. 2022ರ ನವೆಂಬರ್‌ನಲ್ಲಿ ಡೀವಿಯಂಟ್‌ಆರ್ಟ್ ತಾನೇ ಅಂಥ ಒಂದು ಯಂತ್ರವನ್ನು ಸದಸ್ಯರಿಗೆ ಒದಗಿಸಿತು. ತಮ್ಮ ಕೃತಿಗಳನ್ನು ಯಂತ್ರದ ಕಲಿಕೆಗೆ ಬಳಸಬಾರದು ಎನ್ನುವವರು ತಾವಾಗಿಯೇ ಅರ್ಜಿ ಹಾಕಿ ಹೊರಗುಳಿಯಬೇಕು ಎಂಬುದು ಆರಂಭದ ನಿಯಮವಾಗಿತ್ತು. ವರ್ಷಗಟ್ಟಲೆ ಆ ತಾಣವನ್ನು ತಮ್ಮ ಮನೆಯೆಂದು ನಂಬಿದ್ದ ಕಲಾವಿದರು ಸಿಟ್ಟಿಗೆದ್ದರು. ಕೂಡಲೇ ನಿಯಮ ಬದಲಾಯಿತು: ಸದಸ್ಯರು ಬೇರೆ ರೀತಿ ಹೇಳದಿದ್ದರೆ ಅವರ ಕೃತಿಗಳ ಮೇಲೆ 'ಬಳಸಬಾರದು' ಎಂಬ ಗುರುತು ಇರತೊಡಗಿತು. 2023ರ ಜನವರಿಯಲ್ಲಿ ಮೂವರು ಕಲಾವಿದರು ಈ ವಿಷಯವನ್ನು ಹಿಡಿದು ಅಮೆರಿಕದ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ಹೂಡಿದ್ದು ಯಂತ್ರ ತಯಾರಿಸಿದವರ ಮೇಲೆ ಮಾತ್ರವಲ್ಲ, ಡೀವಿಯಂಟ್‌ಆರ್ಟ್ ಮೇಲೂ.

ಧರ್ಮಸಭೆ ಯಂತ್ರದ ವೈರಿಯಲ್ಲ. 2025ರ ಜನವರಿ 28ರ ದಿನಾಂಕದಲ್ಲಿ ವ್ಯಾಟಿಕನ್ ಹೊರಡಿಸಿದ 'ಆಂತಿಕ್ವಾ ಎತ್ ನೋವಾ' ಎಂಬ ದಾಖಲೆ ಈ ತಂತ್ರಜ್ಞಾನವನ್ನು ಮನುಷ್ಯನ ಜಾಣ್ಮೆಯ ಫಲವೆಂದೇ ಗೌರವಿಸುತ್ತದೆ. ಆದರೆ ಶರೀರ, ಹೃದಯ, ಸಂಬಂಧಗಳಲ್ಲಿ ಬೇರೂರಿದ ಮನುಷ್ಯನ ಬುದ್ಧಿಗೆ ಅದನ್ನು ಸಮವೆಂದು ತಿಳಿಯಬಾರದೆಂದು ಎಚ್ಚರಿಸುತ್ತದೆ.

ಆ ಯುವಕನಿಗೆ ನಾನು ಹೇಳಿದ್ದು ಇಷ್ಟೇ: "ಯಂತ್ರದಿಂದ ಚಿತ್ರ ಪಡೆಯುವುದು ಪಾಪವೆಂದು ನಾನು ಹೇಳುವುದಿಲ್ಲ. ಆದರೆ ಬಾಲಯೇಸುವಿನ ಚಿತ್ರ ಬಿಡಿಸುವಾಗ ಯಂತ್ರ ಪ್ರಾರ್ಥನೆ ಮಾಡಿರುವುದಿಲ್ಲ. ಚಿತ್ರ ಚೆನ್ನಾಗಿದೆ ಅನ್ನಿಸಿದರೆ ಉಪಕಾರ ಹೇಳೋಣವೆಂದರೆ ಆಚೆ ಬದಿಯಲ್ಲಿ ಯಾರೂ ಇಲ್ಲ. ನಮ್ಮ ಧರ್ಮಕೇಂದ್ರದಲ್ಲೇ ಬೆರಳಿನಿಂದ ಚಿತ್ರ ಬಿಡಿಸುವ ಮಕ್ಕಳಿದ್ದಾರೆ. ಅವರನ್ನು ಕೇಳುವ ಮೊದಲು ಯಂತ್ರವನ್ನು ಯಾಕೆ ಕೇಳಬೇಕು?"

ತಂದೆತಾಯಿಯರಿಗೆ ಕೆಲವು ಮಾತು

ಮಕ್ಕಳು ತಮ್ಮ ಚಿತ್ರಗಳನ್ನು ಲೋಕಕ್ಕೆ ತೋರಿಸಲು ಹೊರಟಾಗ ಅಡ್ಡಿಪಡಿಸುವುದೂ ಬೇಡ, ಕಣ್ಣುಮುಚ್ಚಿ ಬಿಡುವುದೂ ಬೇಡ. 15ನೆಯ ವಯಸ್ಸಿಗೇ ತೀರಿಕೊಂಡ ಸಂತ ಕಾರ್ಲೊ ಅಕ್ಯುಟಿಸ್ ಪರಮಪ್ರಸಾದದ ಅದ್ಭುತಗಳನ್ನು ಲೋಕಕ್ಕೆ ತಿಳಿಸಿದ್ದು ಕಂಪ್ಯೂಟರಿನ ಮೂಲಕವೇ. 2025ರ ಸೆಪ್ಟೆಂಬರ್ 7ರಂದು ಅವನನ್ನು ಸಂತನೆಂದು ಘೋಷಿಸಲಾಯಿತು. ಸಾಧನ ಕೆಟ್ಟದ್ದಲ್ಲ, ಜೊತೆಗೆ ನಡೆಯುವವರು ಬೇಕು.

1. ಮೊದಲ ನೋಟಕರು ನೀವಾಗಿರಿ. ಮನೆಯಲ್ಲಿ ಯಾರೂ ನೋಡದ ಮಗು ಹೊರಗಿನ ಅಪರಿಚಿತರ ಮೆಚ್ಚುಗೆಗೆ ಹಸಿದು ಹೋಗುತ್ತದೆ. 'ಚೆನ್ನಾಗಿದೆ' ಎಂದು ತಲೆಯಾಡಿಸಿದರೆ ಸಾಲದು. ಇದನ್ನು ಯಾಕೆ ಈ ಬಣ್ಣದಲ್ಲಿ ಬಿಡಿಸಿದೆ ಎಂದು ಕೇಳಿ.

2. ಹೊರಗೆ ತೋರಿಸುವುದು ಚಿಕ್ಕ ಪ್ರತಿಯಾಗಿರಲಿ. ಎ4 ಹಾಳೆಯಲ್ಲಿ ಸ್ಪಷ್ಟವಾಗಿ ಅಚ್ಚಾಗಲು ಚಿತ್ರ ಸುಮಾರು 2480 ಅಗಲ, 3508 ಎತ್ತರದ ಪಿಕ್ಸೆಲ್ ಅಳತೆಯಲ್ಲಿರಬೇಕು. ಆ ದೊಡ್ಡ ಪ್ರತಿಯನ್ನೂ ಪದರಗಳಿರುವ ಮೂಲವನ್ನೂ ಮನೆಯಲ್ಲೇ ಇಟ್ಟುಕೊಂಡು, ಅದರ ಅರ್ಧಕ್ಕಿಂತ ಕಡಿಮೆ ಅಳತೆಯದನ್ನು ಹಂಚಲಿ. ನಾಳೆ ಯಾರಾದರೂ ತಮ್ಮದೆಂದರೆ ಮೂಲವೇ ಸಾಕ್ಷಿ.

3. ಸಹಿ ಇರಲಿ, ವಿಳಾಸ ಬೇಡ. ಮನೆ, ಶಾಲೆ, ಫೋನ್ ನಂಬರು, ಸಮವಸ್ತ್ರದಲ್ಲಿರುವ ಫೋಟೋ ಯಾವುದೂ ಅಲ್ಲಿರಬಾರದು. ಚಿಕ್ಕವರ ಖಾತೆ ತಂದೆತಾಯಿಗೆ ತಿಳಿದೇ ಇರಲಿ.

4. ಮೆಚ್ಚಿ ಬಂದವರೆಲ್ಲ ಮಿತ್ರರಲ್ಲ. ಬೇರೆ ಕಡೆ ಗುಟ್ಟಾಗಿ ಮಾತಾಡೋಣ ಎನ್ನುವವರು, 'ಹೆಚ್ಚು ಹಣ ಕಳಿಸಿದ್ದೇನೆ, ಉಳಿದದ್ದನ್ನು ಹಿಂದೆ ಕೊಡಿ' ಎನ್ನುವ ಗಿರಾಕಿಗಳು ಬರುತ್ತಾರೆ. ಇಂಥ ಸಂದೇಶ ಬಂದರೆ ಗದರಿಸದೆ ಕೇಳಿಸಿಕೊಳ್ಳಿ. ಗದರಿಸಿದ ಮಗು ಮುಂದಿನ ಸಲ ಹೇಳುವುದಿಲ್ಲ.

5. ಎಣಿಕೆಯನ್ನು ಅಳತೆಗೋಲು ಮಾಡಬೇಡಿ. ಎಷ್ಟು ಜನ ಮೆಚ್ಚಿದರು ಎಂಬ ಸಂಖ್ಯೆ ಕೆಲವು ಮಕ್ಕಳ ನಿದ್ದೆ ಕೆಡಿಸುತ್ತದೆ. ಕಾಣಿಕೆ ಪೆಟ್ಟಿಗೆಯ ಮುಂದೆ ಕುಳಿತ ಯೇಸುಸ್ವಾಮಿ ವಿಧವೆಯ ಎರಡು ಕಾಸನ್ನು ಎಣಿಸಿದ ರೀತಿ ಬೇರೆ. ಅದನ್ನು ಮಕ್ಕಳಿಗೆ ಹೇಳಿ.

6. ಬೇರೆಯವರ ಚಿತ್ರ ನೋಡಿ ಅಭ್ಯಾಸ ಮಾಡುವುದು ತಪ್ಪಲ್ಲ. ಆದರೆ ಅದನ್ನು 'ನನ್ನದು' ಎಂದು ಸಲ್ಲಿಸುವುದು ತಪ್ಪು. ಮಕ್ಕಳು ಇದನ್ನು ನಮ್ಮ ಬಾಯಿಂದ ಕಲಿಯುವುದಕ್ಕಿಂತ ನಮ್ಮ ನಡತೆಯಿಂದ ಕಲಿಯುತ್ತಾರೆ. ಹೆಸರು ಕತ್ತರಿಸಿದ ಆಮಂತ್ರಣ ಪತ್ರ ಹಂಚಿದ ಗುರುಗಳು ಈ ಪಾಠ ಹೇಳುವುದು ಹೇಗೆ?

ಬಂದ ಉತ್ತರ

ಕೊನೆಗೆ ಆ ನರ್ಸ್‌ಗೆ ಕ್ಷಮೆ ಕೇಳಿ ಪತ್ರ ಬರೆದೆ. ನಾನು ಗುರು, ನಡೆದದ್ದು ಹೀಗೆ, ಹೆಸರು ಕತ್ತರಿಸಿದ್ದು ನನ್ನ ಅಜಾಗ್ರತೆ, ನಾನೂರು ಪ್ರತಿ ಹಂಚಿಯಾಗಿದೆ ಎಂದು ಇದ್ದದ್ದನ್ನು ಇದ್ದಂತೆ ತಿಳಿಸಿದೆ. ನಾಲ್ಕು ದಿನ ಉತ್ತರವಿಲ್ಲ. ಐದನೆಯ ದಿನ ಬಂತು. ಸಿಟ್ಟಿನ ಒಂದು ಮಾತೂ ಇರಲಿಲ್ಲ. ಆ ಚಿತ್ರವನ್ನು ತುಂಬಾ ಜನ ಇಳಿಸಿಕೊಂಡಿದ್ದಾರೆಂದು ಲೆಕ್ಕ ತೋರಿಸುತ್ತದೆ, ಆದರೆ ಅದು ಯಾವ ಊರಿಗೆ ಹೋಯಿತು, ಯಾರ ಕೈ ಸೇರಿತು ಎಂದು ಇದುವರೆಗೆ ಒಬ್ಬರೂ ಹೇಳಿರಲಿಲ್ಲ ಎಂದು ಬರೆದಿದ್ದರು. ಕೊನೆಯಲ್ಲಿ ಒಂದು ಪ್ರಶ್ನೆ: ನಿಮ್ಮ ಇಗರ್ಜಿಯ ಜನ ಅದನ್ನು ನೋಡಿ ಏನೆಂದರು?

ನನ್ನ ಬಳಿ ಉತ್ತರವಿರಲಿಲ್ಲ. 'ಚೆನ್ನಾಗಿದೆ' ಎಂದದ್ದು ಬಿಟ್ಟರೆ ನಾನು ಯಾರನ್ನೂ ಕೇಳಿರಲಿಲ್ಲ.

ಕ್ರಿಸ್ಮಸ್ ರಾತ್ರಿಯ ಪೂಜೆಯ ಕೊನೆಯಲ್ಲಿ ಪ್ರಕಟಣೆಗಳ ಜೊತೆ ನನ್ನ ತಪ್ಪನ್ನೂ ಹೇಳಿ, ಚಿತ್ರ ಬಿಡಿಸಿದವರ ಹೆಸರನ್ನು ಎರಡು ಸಲ ಓದಿದೆ. ಗೋದಲಿಯ ಪಕ್ಕದಲ್ಲಿ ಆ ಚಿತ್ರದ ದೊಡ್ಡ ಪ್ರತಿಯೊಂದನ್ನು, ಈ ಸಲ ಹೆಸರಿನೊಂದಿಗೆ, ತೂಗುಹಾಕಿದೆವು. ನಮ್ಮ ಹುಡುಗಿ ಒಂದು ನೋಟ್‌ಬುಕ್ ಹಿಡಿದು ಅಲ್ಲಿ ನಿಂತಳು. ನೋಡಿದವರ ಮಾತನ್ನು ಬರೆದುಕೊಳ್ಳುವುದು ಅವಳ ಕೆಲಸ. ಮಕ್ಕಳು 'ಪಾಪುವಿನ ಕಾಲು ಚಂದ' ಎಂದರು. ಗುರಿಕಾರರೊಬ್ಬರು ಬೆಳಕಿನ ಬಗ್ಗೆ ಹೇಳಿದರು. ಎಂಬತ್ತು ದಾಟಿದ ಒಬ್ಬ ಅಜ್ಜಿ ಬಹಳ ಹೊತ್ತು ನೋಡಿ, ಕೊಂಕಣಿಯಲ್ಲಿ, "ಮಗು ಮುಸುಕು ಹಿಡಿದದ್ದು ನೋಡು. ನನ್ನ ದೊಡ್ಡವನೂ ಹಾಗೆಯೇ ಹಿಡಿಯುತ್ತಿದ್ದ, ಬಿಟ್ಟುಹೋದರೆ ಅಂತ ಹೆದರಿಕೆ" ಎಂದರು. ಅವರ ದೊಡ್ಡ ಮಗ ತೀರಿಕೊಂಡು ವರ್ಷಗಳಾದವು.

ಹದಿನೇಳು ಜನರ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆವು. ಈ ಲೇಖನ ಬರೆಯುವಾಗ ಹೆಸರು ಹಾಕಲೇ ಎಂದು ಆ ನರ್ಸ್‌ರನ್ನು ಕೇಳಿದೆ. ಚಿತ್ರದ ಜೊತೆ ಹೆಸರಿರಲಿ, ಲೇಖನದಲ್ಲಿ ಬೇಡ ಎಂದರು. ಅದೂ ಅವರ ಹಕ್ಕೇ.

ಪ್ರಿಯ ಓದುಗರೇ, ಮುಂದಿನ ಹಬ್ಬಕ್ಕೆ ನಿಮ್ಮ ವಾಳೆಯಲ್ಲಿ, ಯುವ ಸಂಚಲನದಲ್ಲಿ, ಶಾಲೆಯಲ್ಲಿ ಯಾರಾದರೂ 'ಒಂದು ಚಿತ್ರ ಇಂಟರ್ನೆಟ್‌ನಿಂದ ತೆಗೆಯಿರಿ' ಎಂದಾಗ ಒಂದು ಗಳಿಗೆ ತಡೆದು ಮೂಲೆಯನ್ನು ನೋಡಿ. ಅಲ್ಲಿ ಹೆಸರಿದ್ದರೆ ಉಳಿಸಿ. ಇಲ್ಲದಿದ್ದರೆ ಹುಡುಕಿ. ಸಿಕ್ಕಿದರೆ ಎರಡು ಸಾಲು ಬರೆದು, ನಿಮ್ಮ ಚಿತ್ರ ನಮ್ಮ ಊರಿಗೆ ಬಂದಿದೆ, ನೋಡಿದವರು ಹೀಗೆಂದರು ಎಂದು ತಿಳಿಸಿ. ಬೆಚಲೇಲನನ್ನು ಹೆಸರು ಹಿಡಿದು ಕರೆದ ದೇವರು ಬಿರುಕುಬಿಟ್ಟ ಮೊಬೈಲಿನ ಮೇಲೆ ಬೆರಳಾಡಿಸುವ ನಮ್ಮ ಮಕ್ಕಳನ್ನೂ ಹೆಸರು ಹಿಡಿದೇ ಬಲ್ಲರು. ಅವರ ಕೈಗಳನ್ನು ಆತನು ಆಶೀರ್ವದಿಸಲಿ.